ಟೊಮೇಟೊಗೆ ಕ್ಯಾರೆಟ್‌ನ ಬಣ್ಣ: ಒಂದು ಪ್ರಯತ್ನದ ಇತಿಹಾಸ



ಸಂತೆಯಲ್ಲಿ ಟೊಮೇಟೊ ರಾಶಿಯ ಮುಂದೆ ಕುಳಿತಾಗ ನಿಮ್ಮ ಕೈ ಯಾವ ಹಣ್ಣಿನ ಕಡೆಗೆ ಹೋಗುತ್ತದೆ ಎಂದು ಒಮ್ಮೆ ಗಮನಿಸಿ ನೋಡಿ. ಕೆಂಪಗೆ, ಗಟ್ಟಿಯಾಗಿ ಹೊಳೆಯುವ ಹಣ್ಣನ್ನು ಆರಿಸಿ ಚೀಲಕ್ಕೆ ಹಾಕುತ್ತೀರಿ. ಸ್ವಲ್ಪ ಹಳದಿಯೋ ಕಿತ್ತಳೆಯೋ ಕಂಡರೆ ಇನ್ನೂ ಹಣ್ಣಾಗಿಲ್ಲ ಎಂದು ಪಕ್ಕಕ್ಕೆ ಸರಿಸುತ್ತೀರಿ. ನಮ್ಮ ಕೋಲಾರದ ಮಾರುಕಟ್ಟೆ ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಯೂ ಬಣ್ಣ, ಗಾತ್ರ, ಗಟ್ಟಿತನ ನೋಡಿಯೇ ಬೆಲೆ ಕೂಗುತ್ತಾರೆ. ಕೆಂಪೆಂದರೆ ಒಳ್ಳೆಯದು, ಕೆಂಪೆಂದರೆ ಶಕ್ತಿ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಕಣ್ಣಿಗೆ ಬೇಕಾದ 'ಎ' ಜೀವಸತ್ವದ ಮಟ್ಟಿಗೆ ಈ ನಂಬಿಕೆ ತಪ್ಪು. ಈ ತಪ್ಪು ವಿಜ್ಞಾನಿಗಳಿಗೆ ತಿಳಿದು ಬಹಳ ವರ್ಷಗಳಾದವು. ಹಣ್ಣಿನ ಬಣ್ಣವನ್ನೇ ಬದಲಿಸಿ ಅದನ್ನು ಸರಿಪಡಿಸಲು ಹೊರಟವರ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ರೋಗದ ವಿಷಯ ಹೇಳಿಬಿಡುತ್ತೇನೆ. ಕತ್ತಲಾದೊಡನೆ ಕಣ್ಣು ಕಾಣದಾಗುವ ರೋಗಕ್ಕೆ ಕನ್ನಡದಲ್ಲಿ ಇರುಳುಗುರುಡು ಎನ್ನುತ್ತೇವೆ. ಉರ್ದುವಿನಲ್ಲಿ ಅದಕ್ಕೆ ರತೌಂಧಿ ಎಂದೂ ಶಬ್‌ಕೋರಿ ಎಂದೂ ಎರಡು ಹೆಸರುಗಳಿವೆ. ಎರಡೂ ಭಾಷೆ ಕಲಿಸುವ ನನಗೆ ಈ ವಿಷಯ ಮೊದಲು ಎದುರಾದದ್ದು ಈ ಪದಗಳ ಮೂಲಕವೇ. ಅರ್ಥ ಹುಡುಕುತ್ತಾ ಹೋಗಿ ರಸಾಯನಶಾಸ್ತ್ರದ ಅಂಗಳಕ್ಕೆ ಬಂದು ನಿಂತೆ. ಮಬ್ಬು ಬೆಳಕಿನಲ್ಲಿ ನೋಡಲು ಕಣ್ಣಿನ ಅಕ್ಷಿಪಟಲಕ್ಕೆ 'ಎ' ಜೀವಸತ್ವ ಬೇಕು. ಅದು ಕಡಿಮೆಯಾದರೆ ಮೊದಲು ಇರುಳುಗುರುಡು ಬರುತ್ತದೆ, ಮುಂದುವರಿದರೆ ಕಣ್ಣಿನ ಪಾಪೆ ಒಣಗಿ ಹುಣ್ಣಾಗಿ ದೃಷ್ಟಿಯೇ ಹೋಗುತ್ತದೆ. ಈ ಕೊರತೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದಿಂದ ಐದು ಲಕ್ಷ ಮಕ್ಕಳು ಕುರುಡರಾಗುತ್ತಾರೆ, ಅವರಲ್ಲಿ ಅರ್ಧದಷ್ಟು ಮಕ್ಕಳು ಒಂದೇ ವರ್ಷದೊಳಗೆ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಲವು ವರ್ಷ ಹೇಳುತ್ತಾ ಬಂದ ಅಂದಾಜು. ನಮ್ಮ ದೇಶದಲ್ಲಿ 1970ರಿಂದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವದ ದ್ರಾವಣವನ್ನು ಬಾಯಿಗೆ ಹಾಕುವ ಕಾರ್ಯಕ್ರಮ ನಡೆಯುತ್ತಿದೆ. ಅದರ ಹಿಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಶ್ರಮವಿದೆ. ಅಂಗನವಾಡಿಯಲ್ಲಿ ಚಮಚದಲ್ಲಿ ಕುಡಿಸುವ ಆ ಹಳದಿ ಎಣ್ಣೆಯಂಥ ದ್ರವ ನಿಮಗೂ ನೆನಪಿರಬಹುದು.

ಈ ಜೀವಸತ್ವ ಎಲ್ಲಿಂದ ಸಿಗುತ್ತದೆ? ಯಕೃತ್ತು, ಮೊಟ್ಟೆ, ಬೆಣ್ಣೆಗಳಲ್ಲಿ ನೇರವಾಗಿಯೇ ಇದೆ. ಗಿಡಗಳಲ್ಲಿ ನೇರವಾಗಿ ಇಲ್ಲ, ಅದರ ಕಚ್ಚಾ ವಸ್ತು ಇದೆ. ಆ ಕಚ್ಚಾ ವಸ್ತುವನ್ನು 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಎಂಬ ವಿಜ್ಞಾನಿ ಕ್ಯಾರೆಟ್‌ನಿಂದ ಬೇರ್ಪಡಿಸಿ ಕ್ಯಾರೋಟಿನ್ ಎಂದು ಕರೆದ. ಅದಕ್ಕೂ ಕಣ್ಣಿಗೂ ಸಂಬಂಧವಿದೆಯೆಂದು ಆತನಿಗೆ ಗೊತ್ತಿರಲಿಲ್ಲ, ಆಗ ಜೀವಸತ್ವ ಎಂಬ ಮಾತೇ ಹುಟ್ಟಿರಲಿಲ್ಲ. 1913ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಕೊಬ್ಬಿನಲ್ಲಿ ಕರಗುವ 'ಎ' ಅಂಶವನ್ನು ಗುರುತಿಸಿದರು. 1919ರ ಹೊತ್ತಿಗೆ ಅದೇ ದೇಶದ ಸ್ಟೀನ್‌ಬಾಕ್ ಒಂದು ಸೋಜಿಗ ಕಂಡ. ಹಳದಿ ಜೋಳ ತಿಂದ ಇಲಿಗಳು ಚೆನ್ನಾಗಿ ಬೆಳೆಯುತ್ತವೆ, ಬಿಳಿ ಜೋಳ ತಿಂದವು ಸೊರಗುತ್ತವೆ. ಹಾಗಾದರೆ ಹಳದಿ ಬಣ್ಣವೇ ಜೀವಸತ್ವವೇ? ಆದರೆ ಯಕೃತ್ತಿನಲ್ಲಿರುವ ಜೀವಸತ್ವಕ್ಕೆ ಅಂಥ ಗಾಢ ಬಣ್ಣವೇ ಇಲ್ಲವಲ್ಲ! ಈ ಗಂಟು ಬಿಚ್ಚಲು ಹತ್ತು ವರ್ಷಗಳು ಬೇಕಾದವು. 1930ರಲ್ಲಿ ಕೇಂಬ್ರಿಜ್‌ನ ಥಾಮಸ್ ಮೂರ್, ಇಲಿಗೆ ಕ್ಯಾರೋಟಿನ್ ತಿನ್ನಿಸಿದರೆ ಅದರ ಯಕೃತ್ತಿನಲ್ಲಿ 'ಎ' ಜೀವಸತ್ವ ಸಂಗ್ರಹವಾಗುತ್ತದೆ ಎಂದು ತೋರಿಸಿದ. ಗಿಡ ಕೊಡುವುದು ಹಳದಿ ಬಣ್ಣವನ್ನು, ದೇಹ ಅದನ್ನು ಜೀವಸತ್ವವಾಗಿ ಬದಲಿಸಿಕೊಳ್ಳುತ್ತದೆ. ಅದೇ ಸುಮಾರಿನಲ್ಲಿ ಜೂರಿಕ್‌ನ ಪೌಲ್ ಕಾರರ್ ಬೀಟಾ ಕ್ಯಾರೋಟಿನ್‌ನ ರಚನೆ ಬಿಡಿಸಿದ, 1937ರಲ್ಲಿ ನೊಬೆಲ್ ಪಡೆದ.

ಟೊಮೇಟೊದ ಕೆಂಪಿಗೆ ಕಾರಣವಾದ ವಸ್ತು ಲೈಕೋಪೀನ್. ಇದರ ರಾಸಾಯನಿಕ ಸೂತ್ರವನ್ನು 1910ರಲ್ಲಿ ಕಂಡುಹಿಡಿದವನು ರಿಚರ್ಡ್ ವಿಲ್‌ಸ್ಟಾಟರ್. ಗಿಡಗಳ ಬಣ್ಣಗಳ ಅಧ್ಯಯನಕ್ಕಾಗಿ 1915ರ ನೊಬೆಲ್ ಪಡೆದ ಮಹಾನುಭಾವ. ಯಹೂದಿ ಎಂಬ ಕಾರಣಕ್ಕೆ ಒಬ್ಬ ಯೋಗ್ಯ ವಿದ್ವಾಂಸನನ್ನು ಮ್ಯೂನಿಕ್ ವಿಶ್ವವಿದ್ಯಾಲಯ ದೂರವಿಟ್ಟಾಗ, ಸ್ವತಃ ಯಹೂದಿಯಾದ ಈತ 1924ರಲ್ಲಿ ಪ್ರಾಧ್ಯಾಪಕ ಹುದ್ದೆಗೇ ರಾಜೀನಾಮೆ ಕೊಟ್ಟ. 1939ರಲ್ಲಿ ದೇಶ ಬಿಟ್ಟು ಸ್ವಿಟ್ಜರ್ಲೆಂಡಿಗೆ ಓಡಿಹೋಗಬೇಕಾಯಿತು. ಈ ಮಾತು ನಮ್ಮ ವಿಷಯಕ್ಕೆ ನೇರವಾಗಿ ಸೇರದು, ಆದರೂ ವಿದ್ಯಾರ್ಥಿಗಳು ತಿಳಿದಿರಲಿ ಎಂದು ಬರೆದೆ.

ವಿಲ್‌ಸ್ಟಾಟರ್ ಕಂಡ ವಿಚಿತ್ರವೇನೆಂದರೆ ಕ್ಯಾರೆಟ್‌ನ ಕ್ಯಾರೋಟಿನ್ ಮತ್ತು ಟೊಮೇಟೊದ ಲೈಕೋಪೀನ್ ಎರಡರ ಸೂತ್ರವೂ ಒಂದೇ. ಎರಡರಲ್ಲೂ 40 ಇಂಗಾಲದ, 56 ಜಲಜನಕದ ಪರಮಾಣುಗಳು. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಲೈಕೋಪೀನ್ ಉದ್ದಕ್ಕೆ ಚಾಚಿದ ಸರಪಳಿ. ಅದರ ಎರಡೂ ತುದಿಗಳು ಬಳೆಯಂತೆ ಸುತ್ತಿಕೊಂಡರೆ ಬೀಟಾ ಕ್ಯಾರೋಟಿನ್. ಆ ಬಳೆ ಇದ್ದರೆ ಮಾತ್ರ ನಮ್ಮ ದೇಹ ಅದನ್ನು 'ಎ' ಜೀವಸತ್ವವಾಗಿಸುತ್ತದೆ. ಲೈಕೋಪೀನ್ ಎಷ್ಟು ತಿಂದರೂ ಇರುಳುಗುರುಡಿಗೆ ಉಪಯೋಗವಿಲ್ಲ. ಅಂಕಿಗಳನ್ನು ನೋಡಿ. 100 ಗ್ರಾಂ ಕ್ಯಾರೆಟ್‌ನಲ್ಲಿ ಸುಮಾರು 8 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಇದ್ದರೆ, ಅಷ್ಟೇ ತೂಕದ ಕೆಂಪು ಟೊಮೇಟೊದಲ್ಲಿ ಇರುವುದು ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಅದೇ ಹಣ್ಣಿನಲ್ಲಿ ಲೈಕೋಪೀನ್ ಎರಡೂವರೆ ಮಿಲಿಗ್ರಾಂನಷ್ಟಿದೆ. ಬಳೆ ತೊಡಿಸದೆ ಬಿಟ್ಟ ಸರಪಳಿಗಳ ರಾಶಿಯೇ ಕೆಂಪು ಟೊಮೇಟೊ ಎನ್ನಬಹುದು.

ಆ ಬಳೆ ತೊಡಿಸಲು ಆಗದೇ? ಈ ಪ್ರಶ್ನೆ ಜೀನ್ ತಂತ್ರಜ್ಞಾನದ ಕಾಲದ್ದೆಂದು ನೀವು ಭಾವಿಸಬಹುದು. ವಾಸ್ತವದಲ್ಲಿ ಅದು 1940ರ ದಶಕದ್ದು. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದವರು ನಮ್ಮ ಟೊಮೇಟೊವನ್ನು ಪೆರು, ಈಕ್ವೆಡಾರ್ ಕಡೆಯ ಒಂದು ಕಾಡು ಜಾತಿಯ ಜೊತೆ ಸಂಕರ ಮಾಡಿದರು. ಆ ಕಾಡು ಹಣ್ಣು ನೋಡಿದರೆ ಯಾರೂ ಮುಟ್ಟುವಂತಿಲ್ಲ, ಮೈತುಂಬ ರೋಮ, ಹಣ್ಣಾದರೂ ಹಸಿರು ಬಣ್ಣ. ಆದರೆ ಅದರ ಸಂತತಿಯಲ್ಲಿ ಕೆಲವು ಗಿಡಗಳು ಕಿತ್ತಳೆ ಬಣ್ಣದ ಹಣ್ಣು ಬಿಟ್ಟವು. ಲಿಂಕನ್ ಮತ್ತು ಪೋರ್ಟರ್ 1950ರಲ್ಲಿ ಈ ಗುಣ ಒಂದು ಮುಖ್ಯ ಜೀನ್‌ನಿಂದ ಬರುತ್ತದೆಂದು ಬರೆದರು. ಆ ಜೀನಿಗೆ 'ಬೀಟಾ' ಎಂದೇ ಹೆಸರಾಯಿತು. 1958ರಲ್ಲಿ ಅದೇ ವಿಶ್ವವಿದ್ಯಾಲಯದಿಂದ 'ಕ್ಯಾರೋ-ರೆಡ್' ಎಂಬ ತಳಿ ಹೊರಬಂತು. ಸಾಮಾನ್ಯ ಟೊಮೇಟೊಗಿಂತ ಸುಮಾರು ಹತ್ತು ಪಟ್ಟು 'ಎ' ಜೀವಸತ್ವದ ಕಚ್ಚಾ ವಸ್ತು. ಯಾವ ಪ್ರಯೋಗಾಲಯದ ಜೀನ್ ಕತ್ತರಿಯೂ ಇಲ್ಲದೆ, ಪರಾಗ ಹಚ್ಚಿ ಹಚ್ಚಿ ಸಾಧಿಸಿದ ಕೆಲಸ!

ಜನ ಅದನ್ನು ಕೊಳ್ಳಲಿಲ್ಲ. ಕೆಂಪು ಕಾಣದೆ ಕಿತ್ತಳೆ ಕಂಡದ್ದೇ ಮುಖ್ಯ ಕಾರಣ. ಹೆಸರಿನಲ್ಲಿ 'ರೆಡ್' ಸೇರಿಸಿದ್ದೂ ಪ್ರಯೋಜನವಾಗಲಿಲ್ಲ. ಸಂತೆಯಲ್ಲಿ ನಾವು ಪಕ್ಕಕ್ಕೆ ಸರಿಸುವ ಹಣ್ಣಿನ ಗತಿಯೇ ಅದಕ್ಕೂ ಆಯಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ಅತಿ ದೊಡ್ಡ ಘಟನೆ ಇದೇ. ಮುಂದೆ ಬಂದ ಜೀನ್ ವಿದ್ಯೆಯ ಲೇಖನಗಳಲ್ಲಿ ಇದನ್ನು ಒಂದೆರಡು ಸಾಲುಗಳಲ್ಲಿ ಹೇಳಿ ಮುಗಿಸುತ್ತಾರೆ.

ಇಲ್ಲಿ ಬಣ್ಣ ನೋಡಿ ಮೋಸ ಹೋಗಬೇಡಿ ಎಂದು ಒಂದು ಎಚ್ಚರಿಕೆ. ಹಳದಿ ಟೊಮೇಟೊ ಕಂಡರೆ ಅದರಲ್ಲಿ ಕ್ಯಾರೋಟಿನ್ ಹೆಚ್ಚಿದೆ ಎಂದು ಅರ್ಥವಲ್ಲ. ಗಿಡದೊಳಗೆ ಈ ಬಣ್ಣಗಳು ತಯಾರಾಗುವುದು ಕಾಲುವೆಯಲ್ಲಿ ನೀರು ಹರಿದಂತೆ, ಒಂದರ ನಂತರ ಒಂದು ಹಂತದಲ್ಲಿ. ಮೊದಲು ಫೈಟೋಯೀನ್ ಎಂಬ ಬಣ್ಣವಿಲ್ಲದ ವಸ್ತು, ಅದರಿಂದ ಕೆಲವು ಹಂತ ದಾಟಿ ಕೆಂಪು ಲೈಕೋಪೀನ್, ಕೊನೆಗೆ ಕಿತ್ತಳೆ ಬಣ್ಣದ ಬೀಟಾ ಕ್ಯಾರೋಟಿನ್. ಪ್ರತಿ ಹಂತಕ್ಕೂ ಒಂದು ಕಿಣ್ವ, ಪ್ರತಿ ಕಿಣ್ವಕ್ಕೂ ಒಂದು ಜೀನ್. ಮೊದಲ ತೂಬೇ ಮುಚ್ಚಿಹೋದ ಗಿಡದಲ್ಲಿ ಹಣ್ಣು ತಿಳಿ ಹಳದಿಯಾಗಿ ಉಳಿಯುತ್ತದೆ, ಅದರಲ್ಲಿ ಸತ್ವವೂ ಇಲ್ಲ. 'ಟ್ಯಾಂಜರೀನ್' ಎಂಬ ಇನ್ನೊಂದು ಬಗೆಯಲ್ಲಿ ಹಣ್ಣು ಸುಂದರ ಕಿತ್ತಳೆ, ಆದರೆ ಅದೂ ಬೇರೆ ರೂಪದ ಲೈಕೋಪೀನ್‌ನಿಂದ ಬಂದ ಬಣ್ಣ. ಹದಿನಾರನೇ ಶತಮಾನದ ಮಧ್ಯದಲ್ಲಿ ಇಟಲಿಯ ಮತ್ತಿಯೋಲಿ ಟೊಮೇಟೊವನ್ನು 'ಚಿನ್ನದ ಸೇಬು' ಎಂದು ಕರೆದ. ಆ ಚಿನ್ನ ಯಾವ ಬಗೆಯದಿತ್ತೋ ಈಗ ಯಾರು ಹೇಳಬಲ್ಲರು!

ಈಗ ಜೀನ್‌ಗಳ ಕಾಲಕ್ಕೆ ಬರೋಣ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಗ್ರಿಯರ್ಸನ್ ಅವರ ತಂಡ ಟೊಮೇಟೊ ಹಣ್ಣಾಗುವಾಗ ಎಚ್ಚರಗೊಳ್ಳುವ ಜೀನ್‌ಗಳನ್ನು ಒಂದೊಂದಾಗಿ ಹಿಡಿದು ಸಂಖ್ಯೆ ಕೊಟ್ಟಿಟ್ಟಿತ್ತು. ಅವುಗಳಲ್ಲಿ ಐದನೆಯದು ಏನು ಮಾಡುತ್ತದೆ ಎಂದು ತಿಳಿದಿರಲಿಲ್ಲ. ತಿಳಿಯುವುದು ಹೇಗೆ? ಬಾಯಿ ಮುಚ್ಚಿಸಿ ನೋಡುವುದು! ಆ ಜೀನನ್ನು ತಿರುಗುಮುರುಗಾಗಿ ಗಿಡಕ್ಕೆ ಸೇರಿಸಿ ಅದರ ಕೆಲಸ ನಿಲ್ಲಿಸಿದರು. 1991ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಣ್ಣು ಹಳದಿಯಾಗಿತ್ತು, ಹೂವೂ ಬಣ್ಣಗೆಟ್ಟಿತ್ತು. ಅದು ಕಾಲುವೆಯ ಮೊದಲ ತೂಬು ಎಂದು ಗೊತ್ತಾಯಿತು. 1993ರಲ್ಲಿ ಫ್ರೇ ಮತ್ತು ಗ್ರಿಯರ್ಸನ್ ಇದಕ್ಕೆ ವಿರುದ್ಧವಾದ ಪರೀಕ್ಷೆ ಮಾಡಿದರು. ಹುಟ್ಟಿನಿಂದಲೇ ಹಳದಿ ಹಣ್ಣು ಬಿಡುವ ಗಿಡಕ್ಕೆ ಸರಿಯಾದ ಜೀನ್ ಸೇರಿಸಿದಾಗ ಹಣ್ಣಿಗೆ ಕೆಂಪು ಮರಳಿತು.

ಹಾಗಾದರೆ ಆ ತೂಬನ್ನು ಪೂರ್ತಿ ಎತ್ತಿಬಿಟ್ಟರೆ ಬಣ್ಣ ಧಾರಾಳವಾಗಿ ಹರಿಯಬೇಕಲ್ಲವೇ? ಅವರೂ ಹಾಗೆಯೇ ಯೋಚಿಸಿದರು. ಜೀನನ್ನು ಗಿಡದ ಎಲ್ಲ ಭಾಗಗಳಲ್ಲಿ ಸದಾ ಕೆಲಸ ಮಾಡುವಂತೆ ಸೇರಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತೇ? ಗಿಡ ಕುಬ್ಜವಾಯಿತು. ಏಕೆಂದರೆ ಬಣ್ಣ ತಯಾರಿಸುವ ಕಚ್ಚಾ ವಸ್ತುವಿನಿಂದಲೇ ಗಿಡ ಎತ್ತರ ಬೆಳೆಯಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನೂ ತಯಾರಾಗುತ್ತದೆ. ಒಂದು ಕಾಲುವೆಗೆ ನೀರೆಲ್ಲ ಹರಿಸಿದ್ದರಿಂದ ಪಕ್ಕದ ಗದ್ದೆ ಒಣಗಿತು. ಕೆರೆಯಲ್ಲಿರುವ ನೀರು ಇಷ್ಟೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡನೆಯ ಆಶ್ಚರ್ಯ ಲಂಡನ್‌ನಲ್ಲಿ ಕಾದಿತ್ತು. ಅದರ ಬೇರು ಜಪಾನಿನಲ್ಲಿದೆ. ಕಿರಿನ್ ಎಂಬ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ನೊರಿಹಿಕೊ ಮಿಸಾವಾ ಮತ್ತು ಸಂಗಡಿಗರು 1990ರಲ್ಲಿ ಎರ್ವಿನಿಯಾ ಎಂಬ ಹಳದಿ ಬ್ಯಾಕ್ಟೀರಿಯಾದ ಬಣ್ಣದ ಜೀನ್‌ಗಳನ್ನೆಲ್ಲ ಬಿಡಿಸಿಟ್ಟಿದ್ದರು. ಅದರಲ್ಲಿ ಒಂದು ಜೀನ್ ಬಹಳ ಚುರುಕು. ಫೈಟೋಯೀನ್‌ನಿಂದ ಲೈಕೋಪೀನ್‌ವರೆಗೆ ಟೊಮೇಟೊ ಗಿಡ ನಾಲ್ಕು ಕಿಣ್ವಗಳಿಂದ ಮಾಡುವ ಕೆಲಸವನ್ನು ಈ ಬ್ಯಾಕ್ಟೀರಿಯಾ ಒಂದೇ ಕಿಣ್ವದಿಂದ ಮುಗಿಸುತ್ತದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನಲ್ಲಿ ಪೀಟರ್ ಬ್ರಾಮ್ಲಿ, ಪೌಲ್ ಫ್ರೇಸರ್, ಸುಸಾನ್ ರೋಮರ್ ಮೊದಲಾದವರು ಇದನ್ನು ಟೊಮೇಟೊಗೆ ಸೇರಿಸಿದರು. ಲೈಕೋಪೀನ್ ಹೆಚ್ಚಾಗಬೇಕಿತ್ತು, ಹಣ್ಣು ಇನ್ನಷ್ಟು ಕೆಂಪಾಗಬೇಕಿತ್ತು. 2000ದಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅದಕ್ಕೆ ತೀರಾ ಭಿನ್ನ. ಬೀಟಾ ಕ್ಯಾರೋಟಿನ್ ಸುಮಾರು ಮೂರು ಪಟ್ಟು ಏರಿ ಒಟ್ಟು ಬಣ್ಣದ 45 ಶೇಕಡಾವರೆಗೆ ತಲುಪಿತ್ತು, ಒಟ್ಟು ಬಣ್ಣದ ಪ್ರಮಾಣ ಮಾತ್ರ ಸುಮಾರು ಅರ್ಧಕ್ಕೆ ಇಳಿದಿತ್ತು. ಗಿಡ ಸುಮ್ಮನೆ ಕುಳಿತಿರಲಿಲ್ಲ, ಒಳಗೆ ತಾನೇ ಬಳೆ ತೊಡಿಸುವ ಜೀನ್‌ಗಳನ್ನು ಹೆಚ್ಚು ಕೆಲಸಕ್ಕೆ ಹಚ್ಚಿತ್ತು. ಕೆಂಪು ಕೇಳಿದವರಿಗೆ ಕಿತ್ತಳೆ ಸಿಕ್ಕಿತು, ಅದೂ ಕಣ್ಣಿಗೆ ಬೇಕಾದ ಕಿತ್ತಳೆಯೇ! ಮುಂದೆ 2002ರಲ್ಲಿ ಇದೇ ತಂಡ ಮೊದಲ ತೂಬಿನ ಬ್ಯಾಕ್ಟೀರಿಯಾ ಜೀನನ್ನು ಹಣ್ಣಿನಲ್ಲಿ ಮಾತ್ರ ಕೆಲಸ ಮಾಡುವಂತೆ ಸೇರಿಸಿತು. ಗಿಡ ಕುಬ್ಜವಾಗಲಿಲ್ಲ, ಒಟ್ಟು ಬಣ್ಣವೂ ಎರಡರಿಂದ ನಾಲ್ಕು ಪಟ್ಟು ಏರಿತು. ನಾಟಿಂಗ್‌ಹ್ಯಾಮ್‌ನ ಕುಬ್ಜ ಗಿಡದಿಂದ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬಂತು.

ಅದೇ 2000ದಲ್ಲಿ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಜೋಸೆಫ್ ಹಿರ್ಷ್‌ಬರ್ಗ್ ತಂಡದವರು ಪರ್ಡ್ಯೂನವರು ಐವತ್ತು ವರ್ಷ ಹಿಂದೆ ಹೆಸರಿಟ್ಟ 'ಬೀಟಾ' ಜೀನ್ ಯಾವುದೆಂದು ಕಂಡುಹಿಡಿದರು. ಅದು ಬಳೆ ತೊಡಿಸುವ ಕಿಣ್ವದ ಜೀನ್, ಆರನೆಯ ವರ್ಣತಂತುವಿನಲ್ಲಿದೆ. ಸ್ವಾರಸ್ಯವೇನೆಂದರೆ ಅದು ಕಾಡು ಗಿಡದ ಖಾಸಗಿ ಆಸ್ತಿಯಲ್ಲ, ನಾವು ತಿನ್ನುವ ಕೆಂಪು ಟೊಮೇಟೊದಲ್ಲಿಯೂ ಇದೆ. ಕೆಂಪು ಜಾತಿಯಲ್ಲಿ ಹಣ್ಣಾಗುವ ಹೊತ್ತಿಗೆ ಅದು ಬಹುತೇಕ ನಿದ್ದೆ ಹೋಗುತ್ತದೆ, ಕಾಡು ಜಾತಿಯ ಜೀನ್ ಎಚ್ಚರವಾಗಿರುತ್ತದೆ. ಅಷ್ಟೇ ವ್ಯತ್ಯಾಸ.

ಇಟಲಿಯವರಿಗೆ ಟೊಮೇಟೊ ಎಂದರೆ ನಮಗೆ ಹುಣಸೆಹಣ್ಣಿನಂತೆ, ಅಡಿಗೆಯ ಆಧಾರ. ಸಹಜವಾಗಿಯೇ ಅಲ್ಲಿಯೂ ಕೆಲಸ ನಡೆಯಿತು. ರೋಮ್‌ನ ಸಂಶೋಧಕರು 2000ದಲ್ಲಿ ಇನ್ನೊಂದು ಗಿಡದ ಜೀನ್ ಸೇರಿಸಿ ಕಿತ್ತಳೆ ಹಣ್ಣು ಪಡೆದರು. 2004ರಲ್ಲಿ ಮೆಟಾಪೊಂಟೊದವರು ಟೊಮೇಟೊದ ಸ್ವಂತ ಜೀನನ್ನೇ ಬಳಸಿ 'ರೆಡ್ ಸೆಟ್ಟರ್' ಎಂಬ ಕೆಂಪು ತಳಿಯ ಲೈಕೋಪೀನನ್ನು ಬಹುತೇಕ ಪೂರ್ತಿಯಾಗಿ ಬೀಟಾ ಕ್ಯಾರೋಟಿನ್ ಆಗಿಸಿದರು. ಇನ್ನು ಅಮೆರಿಕದಲ್ಲಿ ಭಾರತೀಯ ಮೂಲದ ಅವತಾರ್ ಮಟ್ಟೂ ಮತ್ತು ಪರ್ಡ್ಯೂನ ಅವತಾರ್ ಹಾಂಡಾ ಯೀಸ್ಟ್‌ನ ಒಂದು ಜೀನನ್ನು ಸೇರಿಸಿದರು. ಅದಕ್ಕೂ ಬಣ್ಣದ ಕಾಲುವೆಗೂ ನೇರ ಸಂಬಂಧವೇ ಇಲ್ಲ, ಪಾಲಿಅಮೀನ್ ಎಂಬ ಬೇರೆ ವಸ್ತುವಿನದು. ಹಣ್ಣು ಬಳ್ಳಿಯಲ್ಲಿ ಹೆಚ್ಚು ದಿನ ಉಳಿಯಿತು, ಜೊತೆಗೆ ಲೈಕೋಪೀನ್ ಎರಡು ಮೂರು ಪಟ್ಟು ಏರಿತು. 2002ರ ಈ ಫಲಿತಾಂಶವನ್ನೂ ಆಶ್ಚರ್ಯದ ಪಟ್ಟಿಗೆ ಸೇರಿಸಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಈ ಹಣ್ಣುಗಳು ಎಲ್ಲಿ ಎಂದು ನೀವು ಕೇಳುವುದು ನ್ಯಾಯ. ಅಂಗಡಿಗೆ ಬರಲಿಲ್ಲ. ಕುಲಾಂತರಿ ಟೊಮೇಟೊದ ಹೆಸರು ಅಷ್ಟರಲ್ಲೇ ಕೆಟ್ಟಿತ್ತು. ಬೇಗ ಮೆತ್ತಗಾಗದ 'ಫ್ಲೇವರ್ ಸೇವರ್' ಟೊಮೇಟೊ 1994ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು ಕೆಲವೇ ವರ್ಷಗಳಲ್ಲಿ ಮರೆಯಾಗಿತ್ತು. ಇಂಗ್ಲೆಂಡಿನಲ್ಲಿ 1996ರಿಂದ ಕುಲಾಂತರಿ ಟೊಮೇಟೊ ಪೇಸ್ಟ್ ಡಬ್ಬಿಗಳು ಚೆನ್ನಾಗಿಯೇ ಮಾರಾಟವಾಗಿ, ಜನರ ವಿರೋಧ ಎದ್ದಾಗ 1999ರಲ್ಲಿ ಕಪಾಟಿನಿಂದ ಇಳಿದವು. ಬ್ರಾಮ್ಲಿ ತಂಡ ಬಳಸಿದ ಅದೇ ಬ್ಯಾಕ್ಟೀರಿಯಾ ಜೀನನ್ನು ಅಕ್ಕಿಗೆ ಸೇರಿಸಿ ಪೊಟ್ರಿಕಸ್ ಮತ್ತು ಬೇಯರ್ 2000ದಲ್ಲಿ 'ಬಂಗಾರದ ಅಕ್ಕಿ'ಯನ್ನು ಜಗತ್ತಿಗೆ ಪರಿಚಯಿಸಿದರು. ಅದಕ್ಕೆ ಫಿಲಿಪ್ಪೀನ್ಸ್ ಬೇಸಾಯದ ಅನುಮತಿ ಕೊಡುವ ಹೊತ್ತಿಗೆ 2021 ಆಗಿತ್ತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಅನುಮತಿಯನ್ನು ರದ್ದು ಮಾಡಿತು. ರೈತ ಸಂಘಟನೆಗಳ ಆತಂಕ ಒಂದು ಕಡೆ, ಕಾಯುತ್ತಿರುವ ಮಕ್ಕಳ ಕಣ್ಣು ಇನ್ನೊಂದು ಕಡೆ. ಯಾವ ಪಕ್ಷವನ್ನೂ ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಇಪ್ಪತ್ತು ವರ್ಷ ವಾದ ಮಾಡುವಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬೆಳೆದುಬಿಡುತ್ತಾರೆ ಎಂಬುದು ಮಾತ್ರ ನಿಜ.

ನಮ್ಮ ದೇಶದಲ್ಲಿ 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ತಡೆ ಬಿದ್ದಿತು. ಬದನೆ ಟೊಮೇಟೊದ ಸೋದರ ಸಂಬಂಧಿ. ಬಂಗಾಳದಲ್ಲಿ ಟೊಮೇಟೊಗೆ 'ವಿಲಾಯತಿ ಬದನೆ' ಎಂದೇ ಹೆಸರಿತ್ತು. ಕುಲಾಂತರಿ ಟೊಮೇಟೊ ಯಾವುದಕ್ಕೂ ಇಲ್ಲಿ ಬೇಸಾಯದ ಅನುಮತಿ ಸಿಕ್ಕಿಲ್ಲ. ಹಾಗೆಂದು ಭಾರತ ಈ ಕೆಲಸದಿಂದ ದೂರ ಉಳಿಯಲಿಲ್ಲ. 2012ರಲ್ಲಿ ಹದಿನಾಲ್ಕು ದೇಶಗಳ ವಿಜ್ಞಾನಿಗಳು ಸೇರಿ ಟೊಮೇಟೊದ ಪೂರ್ತಿ ಜೀನ್ ನಕ್ಷೆ, ಸುಮಾರು 35,000 ಜೀನ್‌ಗಳದ್ದು, ಪ್ರಕಟಿಸಿದಾಗ ಐದನೆಯ ವರ್ಣತಂತುವಿನ ಹೊಣೆ ಹೊತ್ತವರು ದೆಹಲಿಯ ಸಂಸ್ಥೆಗಳವರು. ಅದರ ನಂತರ ಬೇರೆ ಜೀವಿಯ ಜೀನ್ ತರದೆ, ಇರುವ ಜೀನನ್ನೇ ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿದ್ಯೆ ಬಂತು. 2018ರಲ್ಲಿ ಚೀನಾದವರು ಈ ವಿಧಾನದಿಂದ ಲೈಕೋಪೀನನ್ನು ಐದು ಪಟ್ಟು ಏರಿಸಿದರು. ಅಂಥ ತಿದ್ದುಪಡಿಯ ಬೆಳೆಗಳಿಗೆ ನಮ್ಮ ಸರ್ಕಾರ 2022ರ ಮಾರ್ಚ್‌ನಲ್ಲಿ ಕುಲಾಂತರಿಯ ಕಠಿಣ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಹೀಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು.

ಕ್ಯಾರೋಟಿನ್ ಕಾಲುವೆಯ ಜೀನ್ ತಿದ್ದಿದ ಒಂದು ಹಣ್ಣು ಮಾತ್ರ ಅಂಗಡಿಗೆ ಬಂದಿದೆ. ಅದು ಟೊಮೇಟೊ ಅಲ್ಲ, ಅನಾನಸು. ಡೆಲ್ ಮಾಂಟೆ ಕಂಪನಿ ಕೋಸ್ಟರಿಕಾದಲ್ಲಿ ಬೆಳೆಯುವ ಗುಲಾಬಿ ತಿರುಳಿನ ಈ ಹಣ್ಣನ್ನು ಅಮೆರಿಕದ ಸರ್ಕಾರ 2016ರಲ್ಲಿ ಒಪ್ಪಿತು, 2020ರಲ್ಲಿ ಅದು ಮಾರಾಟಕ್ಕೆ ಬಂತು. ಅದರಲ್ಲಿ ಮಾಡಿದ್ದೇನು ಗೊತ್ತೇ? ಬಳೆ ತೊಡಿಸುವ ಜೀನ್‌ಗಳನ್ನು ಅಡಗಿಸಿದ್ದಾರೆ. ಲೈಕೋಪೀನ್ ಬೀಟಾ ಕ್ಯಾರೋಟಿನ್ ಆಗದೆ ಹಾಗೆಯೇ ಉಳಿದು, ಹಳದಿ ಇರಬೇಕಾದ ತಿರುಳು ಗುಲಾಬಿಯಾಗುತ್ತದೆ. ಪರ್ಡ್ಯೂನಿಂದ ಮೆಟಾಪೊಂಟೊವರೆಗೆ ಅಷ್ಟು ಜನ ತೆರೆಯಲು ಹೆಣಗಿದ ತೂಬನ್ನು ಇಲ್ಲಿ ಬಣ್ಣದ ಅಂದಕ್ಕಾಗಿ ಮುಚ್ಚಿದ್ದಾರೆ. ಮೊದಲು ಮಾರಾಟಕ್ಕೆ ಬಂದಾಗ ಒಂದು ಹಣ್ಣಿನ ಬೆಲೆ 49 ಡಾಲರ್ ಇತ್ತು.